ರಾತ್ರಿ ಪಾಳಿಯಲ್ಲಿ ಕೈ ಮಾಡಿದರೆ ದೂರು ಕೊಡಬೇಕಾದವರು ಯಾರು?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ತಾಲೂಕು ಆಸ್ಪತ್ರೆಯೊಂದರಲ್ಲಿ ಹೊರಗುತ್ತಿಗೆಯ ಸ್ಟಾಫ್ ನರ್ಸ್. ಕಳೆದ ತಿಂಗಳು ನನ್ನ ರಾತ್ರಿ ಪಾಳಿಯಲ್ಲಿ, ಕಬ್ಬು ಕಡಿಯುವ ಗ್ಯಾಂಗಿನ ಯುವಕನೊಬ್ಬನಿಗೆ ಹಾವು ಕಚ್ಚಿದೆಯೆಂದು ಒಂದು ಕ್ರೂಸರ್ ತುಂಬ ಜನ ಕರೆತಂದರು. ಬಂದಾಗ ಅವನು ಮಾತನಾಡುತ್ತಿದ್ದ. ಡ್ಯೂಟಿ ಡಾಕ್ಟರ್ ಹೇಳಿದಂತೆ ಪ್ರತಿವಿಷದ ಸಲಾಯಿನ್ ಹಚ್ಚಿದೆವು. ಸ್ವಲ್ಪ ಹೊತ್ತಿನಲ್ಲಿ ರೆಪ್ಪೆ ಜೋತುಬಿದ್ದು ಉಸಿರು ನಿಲ್ಲತೊಡಗಿತು. ನಾವು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಿದ್ದಾಗ ‘ಸೂಜಿ ಮಾಡಿದ ಮ್ಯಾಲೆನ ಹಿಂಗಾತು’ ಎಂದು ಕೂಗುತ್ತ ಒಳನುಗ್ಗಿದವರಲ್ಲಿ ಒಬ್ಬ ನನ್ನ ಕೆನ್ನೆಗೆ ಹೊಡೆದ, ಇನ್ನೊಬ್ಬ ಮಾನಿಟರ್ ಕೆಡವಿದ. ರೋಗಿಯನ್ನು 108ರಲ್ಲಿ ವಿಜಯಪುರಕ್ಕೆ ಕಳಿಸಿದೆವು. ಅವನು ಬದುಕಿದನೆಂದು ಆಮೇಲೆ ತಿಳಿಯಿತು. ಮರುದಿನ ಹಿರಿಯರು ಬಂದು ಮಾತನಾಡಿ ಹೋದರಂತೆ. ‘ರಾಜಿ ಆಗೇದ, ನೀವೂ ಬಿಟ್ಟುಬಿಡ್ರಿ’ ಎಂದು ಮೇಲಿನವರು ನನಗೆ ಹೇಳಿದರು. ಇದೂ ನಮ್ಮ ಕೆಲಸದ ಭಾಗವೇ? ಹೊರಗುತ್ತಿಗೆಯವಳಾದ ನನಗೆ ಕಾನೂನಿನ ರಕ್ಷಣೆ ಇದೆಯೇ? ಮತ್ತೆ ಹೀಗಾಗದಂತೆ ನಾವೇನು ಮಾಡಬೇಕಿತ್ತು?

ಉತ್ತರ: ಇದು ನಿಮ್ಮ ಕೆಲಸದ ಭಾಗವಲ್ಲ. ರಕ್ಷಣೆ ನಿಮಗಿದೆ, ಹೊರಗುತ್ತಿಗೆ ಎಂಬ ಕಾರಣಕ್ಕೆ ಅದು ತಪ್ಪಿಹೋಗುವುದಿಲ್ಲ. ದೂರು ಕೊಡಬೇಕಾಗಿದ್ದವರು ಮುಖ್ಯವಾಗಿ ನೀವಲ್ಲ, ನಿಮ್ಮ ಆಸ್ಪತ್ರೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಪ್ರಶ್ನೆ. ಹೊಡೆತ ತಿಂದವರೇ ‘ನಾವೇನು ಮಾಡಬೇಕಿತ್ತು’ ಎಂದು ಕೇಳುತ್ತಿದ್ದಾರೆ, ಹೊಣೆ ಇದ್ದವರು ರಾಜಿ ಮಾಡಿ ಮುಗಿಸಿದ್ದಾರೆ. ಆದರೂ ಆ ಪ್ರಶ್ನೆಗೆ ಉಪಯುಕ್ತವಾದ ಉತ್ತರವಿರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಆ ರಾತ್ರಿ ನಿಮಗೆ ಕಂಡದ್ದೂ ಬಾಗಿಲ ಆಚೆ ನಿಂತವರಿಗೆ ಕಂಡದ್ದೂ ಒಂದೇ ಆಗಿರಲಿಲ್ಲ. ನೀವು ವಿವರಿಸಿರುವ ಲಕ್ಷಣಗಳು ಕ್ರೈಟ್ ಜಾತಿಯ ಹಾವಿನ ಕಡಿತಕ್ಕೆ ಹೊಂದುತ್ತವೆ. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಹೊತ್ತು ಕಚ್ಚುತ್ತದೆ. ಬಾವು ಬರುವುದಿಲ್ಲ, ನೋವು ಕಡಿಮೆ, ಹಲ್ಲಿನ ಗುರುತು ಹುಡುಕಿದರೂ ಸಿಗದಿರಬಹುದು. ಮೊದಮೊದಲು ರೋಗಿ ಎದ್ದು ಕೂತು ಮಾತನಾಡುತ್ತಿರುತ್ತಾನೆ. ಗಂಟೆಗಳು ಕಳೆದ ಮೇಲೆ ರೆಪ್ಪೆ ಇಳಿದು, ಗಂಟಲು ಕಟ್ಟಿ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಪ್ರತಿವಿಷ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆಯೇ ಹೊರತು ನರದ ತುದಿಗೆ ಆಗಲೇ ತಗುಲಿದ ಹಾನಿಯನ್ನು ಹಿಂದಕ್ಕೆ ತರಲಾರದು. ಆದ್ದರಿಂದ ಸರಿಯಾದ ಸಮಯಕ್ಕೆ ಸರಿಯಾದ ಪ್ರಮಾಣ ಕೊಟ್ಟರೂ ಉಸಿರು ನಿಲ್ಲಬಹುದು, ರೋಗಿ ದಿನಗಟ್ಟಲೆ ವೆಂಟಿಲೇಟರಿನ ಮೇಲೆ ಇರಬೇಕಾಗಬಹುದು. ಇಷ್ಟೂ ನಿಮಗೆ ಗೊತ್ತು. ಕ್ರೂಸರಿನಲ್ಲಿ ಬಂದವರಿಗೆ ಗೊತ್ತಿದ್ದದ್ದು ಒಂದೇ: ನಮ್ಮ ಹುಡುಗ ನಡೆದುಕೊಂಡು ಒಳಗೆ ಹೋದ, ಇವರು ಸೂಜಿ ಮಾಡಿದರು, ಅವನ ಉಸಿರು ನಿಂತಿತು.

ಅವರ ತರ್ಕ ತಪ್ಪಿರಬಹುದು, ಆದರೆ ಅದು ಹುಚ್ಚುತನವಲ್ಲ. ಕಣ್ಣಾರೆ ಕಂಡದ್ದನ್ನು ಯಾರೂ ವಿವರಿಸದಿದ್ದಾಗ ಮನುಷ್ಯ ತಾನೇ ಒಂದು ವಿವರಣೆ ಕಟ್ಟಿಕೊಳ್ಳುತ್ತಾನೆ, ಒಮ್ಮೆ ಕಟ್ಟಿಕೊಂಡದ್ದನ್ನು ಕೂಗಾಟದ ನಡುವೆ ಕೆಡಹುವುದು ಬಹುಮಟ್ಟಿಗೆ ಅಸಾಧ್ಯ. ಸಲಾಯಿನ್ ಹಚ್ಚುವ ಮೊದಲೇ ಯಾರಾದರೂ ಹೊರಗೆ ಬಂದು, ‘ಈ ಹಾವಿನ ವಿಷ ಸಾವಕಾಶ ಏರ್ತದ. ಈಗ ಮಾತಾಡಾಕತ್ತಾನ, ಆದ್ರ ಇನ್ನೊಂದು ತಾಸಿನ್ಯಾಗ ಕಣ್ಣು ಮುಚ್ಚಿ ಉಸಿರು ಕಮ್ಮಿ ಆಗಬಹುದು. ಔಷಧ ಕೊಟ್ರೂ ಹಂಗಾಗಬಹುದು. ಆದ್ರ ನಾವು ಕೈಲೆ ಉಸಿರು ಕೊಟ್ಟು ವಿಜಯಪುರಕ್ಕ ಕಳಸ್ತೀವಿ’ ಎಂದು ಹೇಳಿದ್ದರೆ, ಅದೇ ಘಟನೆ ಅವರ ಕಣ್ಣಿಗೆ ವೈದ್ಯರು ಮೊದಲೇ ಹೇಳಿದ ಮಾತು ನಿಜವಾದಂತೆ ಕಾಣುತ್ತಿತ್ತು. ಕೆಡುಕಿನ ಮುನ್ಸೂಚನೆಯನ್ನು ಅದು ಬರುವ ಮೊದಲು ಕೊಟ್ಟರೆ ತಿಳಿವಳಿಕೆ ಎನ್ನುತ್ತಾರೆ. ಬಂದ ಮೇಲೆ ಕೊಟ್ಟರೆ ನೆಪ ಎನ್ನುತ್ತಾರೆ. ಪ್ರತಿವಿಷಕ್ಕೇ ಅಲರ್ಜಿಯಾಗಿ ಮೈ ತುಂಬ ದದ್ದು ಎದ್ದು ಬಿಪಿ ಕುಸಿಯುವುದೂ ಉಂಟಲ್ಲವೇ, ಅದಕ್ಕಾಗಿ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿ ಇಟ್ಟುಕೊಂಡೇ ನೀವು ಪ್ರತಿವಿಷ ಆರಂಭಿಸುತ್ತೀರಿ. ಆ ಸಾಧ್ಯತೆಯ ಮಾತನ್ನೂ ಅದೇ ಹೊತ್ತಿಗೆ ಆಡಿಬಿಡಬೇಕು.

ಆದರೆ ಆಡುವವರು ಯಾರು? ರಾತ್ರಿ ಪಾಳಿಯಲ್ಲಿ ಒಬ್ಬ ವೈದ್ಯರು, ಒಬ್ಬರೋ ಇಬ್ಬರೋ ನರ್ಸ್, ಒಬ್ಬ ಗ್ರೂಪ್ ಡಿ ನೌಕರ. ಇದರಲ್ಲಿ ಒಬ್ಬರ ಕೈ ಅಂಬು ಬ್ಯಾಗಿನ ಮೇಲೆ, ಇನ್ನೊಬ್ಬರ ಕೈ ಫೋನಿನ ಮೇಲೆ. ಆದ್ದರಿಂದಲೇ ಇದನ್ನು ನಿಮ್ಮ ಮಾತಿನ ನಯದ ಪ್ರಶ್ನೆಯೆಂದು ನಾನು ಒಪ್ಪುವುದಿಲ್ಲ. ‘ನರ್ಸ್ ಸ್ವಲ್ಪ ಸಮಾಧಾನದಿಂದ ಮಾತಾಡಿದ್ದರೆ ಆಗುತ್ತಿರಲಿಲ್ಲ’ ಎಂಬ ಮಾತು ವಿಚಾರಣೆಗಳಲ್ಲಿ ಸುಲಭವಾಗಿ ಬರುತ್ತದೆ. ಸಿಬ್ಬಂದಿಯ ಕೊರತೆಯನ್ನು ಸಿಬ್ಬಂದಿಯ ಸ್ವಭಾವದ ಮೇಲೆ ಹೊರಿಸುವ ಮಾತದು. ಹೊರಗೆ ನಿಂತವರೊಡನೆ ಮಾತನಾಡುವುದು ಯಾರ ಕೆಲಸ ಎಂಬುದು ಪಾಳಿ ಹಂಚುವಾಗಲೇ ಹೆಸರು ಹಿಡಿದು ಗೊತ್ತಾಗಿರಬೇಕು. ರೋಗದ ವಿವರ ಹೇಳುವುದು ವೈದ್ಯರ ಕೆಲಸ, ಅದಕ್ಕೆ ಎರಡು ನಿಮಿಷ ಸಾಕು. ಉಳಿದ ಹೊತ್ತು ಜನರನ್ನು ಕೂಡಿಸಿ, ನೀರು ತೋರಿಸಿ, ‘ಇನ್ನ ಹತ್ತು ನಿಮಿಷಕ್ಕ ಡಾಕ್ಟರ್ ತಾವೇ ಬಂದು ಹೇಳ್ತಾರ’ ಎಂದು ಹೇಳಿ ಆ ಮಾತನ್ನು ಉಳಿಸಿಕೊಳ್ಳುವುದನ್ನು ಕಾವಲುಗಾರನಿಗೂ ಗ್ರೂಪ್ ಡಿ ನೌಕರನಿಗೂ ಕಲಿಸಬಹುದು. ಹತ್ತು ನಿಮಿಷ ಎಂದ ಮೇಲೆ ಹತ್ತನೆಯ ನಿಮಿಷಕ್ಕೆ ಹೇಳಲು ಹೊಸದೇನೂ ಇಲ್ಲದಿದ್ದರೂ ಹೊರಗೆ ಬಂದು ‘ಹೊಸಾದೇನಿಲ್ಲ, ಹಂಗ ಅದಾನ’ ಎನ್ನಬೇಕು.

ನಮ್ಮ ಭಾಗದಲ್ಲಿ ರೋಗಿಯೊಡನೆ ಇಬ್ಬರು ಬರುವುದಿಲ್ಲ, ಓಣಿಯೇ ಬರುತ್ತದೆ. ಇದು ತೊಂದರೆಯೂ ಹೌದು, ಅನುಕೂಲವೂ ಹೌದು, ಏಕೆಂದರೆ ಆ ಗುಂಪಿನಲ್ಲಿ ಉಳಿದವರು ಮಾತು ಕೇಳುವ ಹಿರಿಯನೊಬ್ಬ ಇದ್ದೇ ಇರುತ್ತಾನೆ. ಬಂದ ಐದು ನಿಮಿಷದಲ್ಲಿ ‘ನಿಮ್ಮಲ್ಲಿ ಹಿರ್ಯಾರು ಯಾರದೀರಿ?’ ಎಂದು ಕೇಳಿ, ಅವನ ಜೊತೆಗೆ ರೋಗಿಯ ಹತ್ತಿರದ ಸಂಬಂಧಿಯೊಬ್ಬರನ್ನು ಸೇರಿಸಿ, ಇಬ್ಬರನ್ನೂ ಒಳಗೆ ಕರೆದು ರೋಗಿಯನ್ನು ತೋರಿಸಿ ಮಾತನಾಡಿದರೆ, ಉಳಿದವರಿಗೆಲ್ಲ ನೀವು ಹೇಳಬೇಕಾದದ್ದನ್ನು ಅವನೇ ಅವರ ಭಾಷೆಯಲ್ಲಿ ಹೇಳುತ್ತಾನೆ. ಭಾಷೆ ಎಂದೆ, ವಿಜಯಪುರದ ಸುತ್ತಿನ ತಾಂಡಾಗಳಿಂದ ಬಂದವರಿಗೆ ಲಂಬಾಣಿಯಲ್ಲಿ, ನಗರದ ಎಷ್ಟೋ ಕುಟುಂಬಗಳಿಗೆ ಉರ್ದುವಿನಲ್ಲಿ, ಅಥಣಿ–ಚಿಕ್ಕೋಡಿಯ ಕಡೆ ಮರಾಠಿಯಲ್ಲಿ ನಾಲ್ಕು ಮಾತು ಆಡಬಲ್ಲವರು ಪಾಳಿಯಲ್ಲಿದ್ದರೆ ಅದರಷ್ಟು ಅಗ್ಗದ ಭದ್ರತೆ ಬೇರೊಂದಿಲ್ಲ.

ಸಿಟ್ಟು ಹೊಡೆತವಾಗುವ ಮೊದಲು ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ತುರ್ತು ಘಟಕದ ನರ್ಸ್‌ಗಳ ಅನುಭವವನ್ನು ಅಧ್ಯಯನ ಮಾಡಿ 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕಿಯರು ಐದು ಚಿಹ್ನೆಗಳನ್ನು ಗುರುತಿಸಿದರು: ದುರುಗುಟ್ಟಿ ನೋಡುವುದು, ದನಿ ಏರುವುದು ಇಲ್ಲವೆ ವ್ಯಂಗ್ಯಕ್ಕೆ ತಿರುಗುವುದು, ಚಡಪಡಿಕೆ, ತನ್ನಷ್ಟಕ್ಕೆ ಗೊಣಗುವುದು, ಅತ್ತಿಂದಿತ್ತ ಓಡಾಡುವುದು. ಇವುಗಳಲ್ಲಿ ಎರಡು ಒಬ್ಬನಲ್ಲೇ ಕಂಡರೆ ನಾನಾದರೆ ಪೊಲೀಸರಿಗೆ ಫೋನ್ ಮಾಡಿಸುತ್ತೇನೆ. ಕೈ ಎತ್ತುವವರೆಗೆ ಕಾಯುವುದಿಲ್ಲ. 112ಕ್ಕೆ ಕರೆ ಮಾಡುವುದು ರೋಗಿಯ ಕಡೆಯವರನ್ನು ಅವಮಾನಿಸಿದಂತೆ ಎಂಬ ಸಂಕೋಚ ನಮ್ಮ ಆಸ್ಪತ್ರೆಗಳಲ್ಲಿ ಬಹಳ ಇದೆ. ಸಿಟ್ಟು ಏರಿದವರೊಡನೆ ಮಾತನಾಡುವಾಗ ಎದುರಿಗೆ ಎದೆಯೊಡ್ಡದೆ ಸ್ವಲ್ಪ ಓರೆಯಾಗಿ, ಕೈಗೆ ಸಿಗದಷ್ಟು ದೂರದಲ್ಲಿ, ಬಾಗಿಲಿಗೆ ನೀವು ಹತ್ತಿರವಿರುವಂತೆ ನಿಲ್ಲಿ. ಕೊರಳಲ್ಲಿ ಸ್ಟೆತಸ್ಕೋಪ್ ಬೇಡ, ಎಳೆದರೆ ಬಿಚ್ಚಿಕೊಳ್ಳದ ಐಡಿ ಕಾರ್ಡಿನ ದಾರವೂ ಬೇಡ. ‘ಸುಮ್ನಿರ್ರಿ’ ಎಂಬ ಮಾತು ಯಾರನ್ನೂ ಸುಮ್ಮನಿರಿಸಿದ್ದನ್ನು ನಾನು ನೋಡಿಲ್ಲ.

ಇಲ್ಲಿ ಒಂದು ಅಂತರವನ್ನು ಗಮನಿಸಿ. 2008ರ ನವೆಂಬರಿನಲ್ಲಿ ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಸೇವೆ ಆರಂಭವಾಯಿತಲ್ಲ, ಆ ಆಂಬ್ಯುಲೆನ್ಸಿನ ತಂತ್ರಜ್ಞರಿಗೆ ತರಬೇತಿಯಲ್ಲಿ ಕಲಿಸುವ ಮೊದಲ ಪಾಠವೇ ಸ್ಥಳ ಸುರಕ್ಷಿತವೇ ನೋಡು ಎಂಬುದು. ಸುರಕ್ಷಿತವಲ್ಲದಿದ್ದರೆ ಗಾಡಿ ದೂರ ನಿಲ್ಲಿಸಿ ಪೊಲೀಸರಿಗಾಗಿ ಕಾಯಬೇಕು. ಆಸ್ಪತ್ರೆಯ ಒಳಗಿನವರಿಗೆ ಆ ಪಾಠವಿಲ್ಲ; ಕಟ್ಟಡದ ಒಳಗಿದ್ದ ಮಾತ್ರಕ್ಕೆ ಸುರಕ್ಷಿತ ಎಂದು ಭಾವಿಸಲಾಗಿದೆ. ನಿಮ್ಮ ಮೇಲೆ ಕೈ ಬಿದ್ದ ಮೇಲೆ ಹಿಂದೆ ಸರಿದು ಬಾಗಿಲು ಹಾಕಿಕೊಳ್ಳುವುದು ಕರ್ತವ್ಯಲೋಪವಲ್ಲ. ಉಸಿರಾಟ ನಿಂತ ರೋಗಿಯನ್ನು ಬಿಟ್ಟು ಸರಿಯಲು ಮನಸ್ಸು ಒಪ್ಪದು, ನೀವು ಸರಿಯಲೂ ಇಲ್ಲ ಎಂದು ಊಹಿಸುತ್ತೇನೆ. ಅವನು ಬದುಕಿದ್ದರಲ್ಲಿ ಆ ನಿಮಿಷಗಳ ಪಾಲು ದೊಡ್ಡದು.

ರೋಗಿಯೇ ಕೈ ಮಾಡುವ ಸಂದರ್ಭ ಬೇರೆಯದು. ಸಕ್ಕರೆ ಅಂಶ ಕುಸಿದವನು, ಆಮ್ಲಜನಕ ಸಾಲದವನು, ತಲೆಗೆ ಪೆಟ್ಟು ಬಿದ್ದವನು, ಫಿಟ್ಸ್ ಬಂದು ಈಗಷ್ಟೇ ಎಚ್ಚೆತ್ತವನು, ಕುಡಿತ ಒಮ್ಮೆಲೇ ನಿಲ್ಲಿಸಿದವನು ಹೊಡೆದರೆ ಅದು ರೋಗದ ಲಕ್ಷಣ. ‘ಕುಡದ ಬಂದಾನ’ ಎಂದು ತೀರ್ಮಾನಿಸುವ ಮುನ್ನ ಬೆರಳು ಚುಚ್ಚಿ ಸಕ್ಕರೆ ನೋಡಿ. ಇಂಥವರ ಮೇಲೆ ಕೇಸು ಹಾಕುವ ಪ್ರಶ್ನೆ ಬರುವುದಿಲ್ಲ.

ಇನ್ನು ಕಾನೂನು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನೂ ಆಸ್ಪತ್ರೆಯ ಆಸ್ತಿಗೆ ಹಾನಿ ಮಾಡುವುದನ್ನೂ ನಿಷೇಧಿಸಿ ಕರ್ನಾಟಕ 2009ರಲ್ಲಿ ತಂದ ಕಾಯ್ದೆಯಲ್ಲಿ ವೈದ್ಯರು, ನರ್ಸ್‌ಗಳು, ಅರೆವೈದ್ಯಕೀಯ ಸಿಬ್ಬಂದಿ, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಎಲ್ಲರೂ ಸೇರುತ್ತಾರೆ. ಅದು ಖಾಸಗಿ ಆಸ್ಪತ್ರೆಗೂ ಅನ್ವಯಿಸುವುದರಿಂದ ನೀವು ಕಾಯಂ ಸರ್ಕಾರಿ ನೌಕರರೋ ಅಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮೂಲ ಕಾಯ್ದೆಯಲ್ಲಿ ಶಿಕ್ಷೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು 50,000 ರೂಪಾಯಿವರೆಗಿನ ದಂಡ. ಅಪರಾಧ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದದ್ದು, ಜಾಮೀನುರಹಿತ. ಒಡೆದ ಉಪಕರಣಕ್ಕೆ ಅದರ ಖರೀದಿ ಬೆಲೆಯ ಎರಡರಷ್ಟನ್ನು ತುಂಬಿಕೊಡಬೇಕಾಗುತ್ತದೆ. ನಿಮ್ಮ ಮಾನಿಟರ್ ನೆಲಕ್ಕೆ ಬಿದ್ದದ್ದೂ ಈ ಲೆಕ್ಕದಲ್ಲಿ ಬರುತ್ತದೆ. ಇದರ ಜೊತೆಗೆ, ಕರ್ತವ್ಯದಲ್ಲಿರುವ ಸಾರ್ವಜನಿಕ ನೌಕರರ ಮೇಲಿನ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ, ಗಾಯಪಡಿಸಿದರೆ 121ನೇ ಕಲಂ ಇವೆ. ಠಾಣೆಗಳಲ್ಲಿ ಇಂದಿಗೂ ‘353 ಕೇಸ್’ ಎನ್ನುವುದು ಈ 132ನ್ನೇ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ನ್ಯಾಯ ಸಂಹಿತೆ ಬಂದು ಸಂಖ್ಯೆ ಬದಲಾಗಿದೆ. ಹೊರಗುತ್ತಿಗೆಯವರು ಸಾರ್ವಜನಿಕ ನೌಕರರೇ ಎಂದು ಆರೋಪಿಯ ವಕೀಲರು ವಾದ ಎತ್ತಬಹುದು. ಅದಕ್ಕಾಗಿಯೇ ದೂರಿನಲ್ಲಿ 2009ರ ಕಾಯ್ದೆಯ ಹೆಸರು ತಪ್ಪದೆ ಇರಬೇಕು. ಕೋವಿಡ್ ಕಾಲದಲ್ಲಿ, 2020ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಮಾಡಿದ ತಿದ್ದುಪಡಿಯನ್ನು ಈಗಲೂ ಕೆಲವರು ಉಲ್ಲೇಖಿಸುತ್ತಾರೆ. ಅದು ಸಾಂಕ್ರಾಮಿಕದ ಸಂದರ್ಭಕ್ಕೆ ಸೀಮಿತವಾದದ್ದು, ನಿಮ್ಮ ಪ್ರಕರಣಕ್ಕೆ ಸಂಬಂಧವಿಲ್ಲ. ಜಾಮೀನುರಹಿತ ಎಂದರೆ ಜಾಮೀನೇ ಸಿಗದು, ಮರುದಿನವೇ ಬಂಧನ ಎಂದೂ ತಿಳಿಯಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ರಾಜಿಯ ವಿಷಯದಲ್ಲಿ ಸ್ಪಷ್ಟವಾಗಿರೋಣ. ನಿಮ್ಮನ್ನು ಕೇಳದೆ, ನಿಮ್ಮ ಪರವಾಗಿ ಬೇರೆಯವರು ಮಾಡಿಕೊಂಡದ್ದು ರಾಜಿಯಲ್ಲ. ಹಿರಿಯರು ಕೂತು ಮಾತನಾಡಿದ್ದರಿಂದ ಇಂಥ ಅಪರಾಧ ಕಾನೂನಿನ ಕಣ್ಣಿನಲ್ಲಿ ಅಳಿದುಹೋಗುವುದಿಲ್ಲ, ಮಾಹಿತಿ ಬಂದ ಮೇಲೆ ಎಫ್ಐಆರ್ ದಾಖಲಿಸುವುದು ಪೊಲೀಸರ ಕರ್ತವ್ಯವೆಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಹಾಗೆಂದು, ಊರು ಬಿಟ್ಟು ಗುಡಿಸಲಲ್ಲಿ ಮಲಗುವ ಕೂಲಿಯ ಮೇಲೆ ಜಾಮೀನುರಹಿತ ಕೇಸು ಹೊರಿಸಲು ನಿಮಗೆ ಮನಸ್ಸಾಗದಿದ್ದರೆ ಅದನ್ನು ದೌರ್ಬಲ್ಯವೆನ್ನಲಾರೆ. ಅವನು ಬಂದು ನಿಮ್ಮೆದುರು ಕ್ಷಮೆ ಕೇಳಿದರೆ ಕ್ಷಮಿಸುವ ಹಕ್ಕು ನಿಮ್ಮದು. ಆದರೆ ಘಟನೆ ದಾಖಲಾಗದೆ ಉಳಿಯುವುದನ್ನು ಮಾತ್ರ ಒಪ್ಪಬೇಡಿ, ಏಕೆಂದರೆ ದಾಖಲೆಯಲ್ಲಿ ಇಲ್ಲದ ಹಲ್ಲೆಯ ಆಧಾರದ ಮೇಲೆ ಯಾವ ಆಸ್ಪತ್ರೆಗೂ ಇನ್ನೊಬ್ಬ ಕಾವಲುಗಾರ ಸಿಗುವುದಿಲ್ಲ. ಆರೋಗ್ಯ ಸಿಬ್ಬಂದಿಯಲ್ಲಿ ಶೇ. 8ರಿಂದ 38ರಷ್ಟು ಮಂದಿ ವೃತ್ತಿಜೀವನದಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದರಲ್ಲಿ, ಹಿಂದಿನ ಒಂದು ವರ್ಷದಲ್ಲೇ ಯಾವುದಾದರೊಂದು ಬಗೆಯ ಹಿಂಸೆ ಕಂಡವರು ಶೇ. 61.9, ದೈಹಿಕ ಹಲ್ಲೆ ಕಂಡವರು ಶೇ. 24.4. ಹೇಳಿಕೊಳ್ಳದೆ ಬಿಟ್ಟವರು ಈ ಅಂಕಿಗಳ ಆಚೆಗಿದ್ದಾರೆ.

ದೂರು ಆಸ್ಪತ್ರೆಯದಾಗಿರಬೇಕು ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಕಾರಣವಿದೆ. ನರ್ಸ್ ಒಬ್ಬರೇ ಸಹಿ ಹಾಕಿದ ದೂರು ಠಾಣೆಯಲ್ಲಿ ಇಬ್ಬರ ಜಗಳವಾಗುತ್ತದೆ. ಎದುರು ಕಡೆಯಿಂದ ನಿರ್ಲಕ್ಷ್ಯದ ಪ್ರತಿದೂರು ಬರುತ್ತದೆ. ಸಂಜೆಯ ಹೊತ್ತಿಗೆ ಮನೆಗೆ ಫೋನುಗಳು ಶುರುವಾಗುತ್ತವೆ. ಆಡಳಿತ ವೈದ್ಯಾಧಿಕಾರಿ ಸಹಿ ಹಾಕಿದ ದೂರಿಗೆ ಆ ಒತ್ತಡ ತಾಗುವುದು ಕಡಿಮೆ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆಯ ನಂತರ, 2024ರ ಆಗಸ್ಟ್ 16ರಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೊರಡಿಸಿದ ಜ್ಞಾಪನದಲ್ಲಿ, ಹಿಂಸೆ ನಡೆದ ಆರು ಗಂಟೆಯೊಳಗೆ ಸಂಸ್ಥೆಯ ವತಿಯಿಂದ ಎಫ್ಐಆರ್ ದಾಖಲಿಸುವ ಹೊಣೆ ಸಂಸ್ಥೆಯ ಮುಖ್ಯಸ್ಥರದು ಎಂದಿದೆ. ಅದು ಕೇಂದ್ರದ ಸಂಸ್ಥೆಗಳನ್ನು ಕುರಿತದ್ದಾದರೂ ತಾಲೂಕು ಆಸ್ಪತ್ರೆಯ ಮುಂದೆ ಇಡಬಹುದಾದ ಅಳತೆಗೋಲು.

ಈಗ ಒಂದು ತಿಂಗಳು ಕಳೆದಿದೆ. ತಡವಾದ ದೂರು ಬಿದ್ದುಹೋಗುವುದಿಲ್ಲ, ಆದರೆ ತಡವೇಕಾಯಿತು ಎಂಬುದನ್ನು ದೂರಿನಲ್ಲೇ ಬರೆಯಬೇಕು: ‘ರಾಜಿಯಾಗಿದೆ ಎಂದು ಮೇಲಧಿಕಾರಿಗಳು ತಿಳಿಸಿದ್ದರಿಂದ’ ಎಂಬ ಒಂದು ಸಾಲು ಸಾಕು. ಮೊದಲು ಆಡಳಿತ ವೈದ್ಯಾಧಿಕಾರಿಗೆ ಲಿಖಿತ ವರದಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅದರಲ್ಲಿ ಸಿಸಿಟಿವಿ ದೃಶ್ಯವನ್ನು ಕಾಪಿಡಬೇಕೆಂದು ಪ್ರತ್ಯೇಕವಾಗಿ ಕೋರಿ. ಈ ಯಂತ್ರಗಳು ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ಬರೆದುಕೊಳ್ಳುತ್ತವೆ, ಆದ್ದರಿಂದ ಇದು ಇಂದೇ ಆಗಬೇಕಾದ ಕೆಲಸ. ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರ ಒಂದು ಭಾಗಕ್ಕೆ ಸಹಿ ಹಾಕಬೇಕಾದವರು ಆಸ್ಪತ್ರೆಯವರೇ, ಇನ್ನೊಂದಕ್ಕೆ ತಜ್ಞರೊಬ್ಬರು. ಆ ರಾತ್ರಿ ನಿಮ್ಮನ್ನೇ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಮಾಡಿ ಕೆನ್ನೆಯ ಗಾಯ ಬರೆದುಕೊಂಡಿದ್ದರೆ ಅದರ ಪ್ರತಿ ಪಡೆಯಿರಿ. ಬರೆದುಕೊಂಡಿಲ್ಲವಾದರೆ, ಅಲ್ಲಿದ್ದ ವೈದ್ಯರ, ಗ್ರೂಪ್ ಡಿ ನೌಕರನ ಮತ್ತು 108ರ ಸಿಬ್ಬಂದಿಯ ಹೇಳಿಕೆಗಳು ಆ ಜಾಗ ತುಂಬಬಲ್ಲವು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಬರೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅವಕಾಶ ಕೊಡುತ್ತದೆ. ಎಫ್ಐಆರ್‌ನ ಪ್ರತಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಆಸ್ಪತ್ರೆ ಮಾಡಬೇಕಾದ ಬದಲಾವಣೆಗಳಿಗೆ ದೊಡ್ಡ ಅನುದಾನ ಬೇಡ. ತುರ್ತು ಘಟಕಕ್ಕೆ ಒಳಗಿನಿಂದ ಚಿಲಕ ಬೀಳುವ ಬಾಗಿಲು, ಸಿಬ್ಬಂದಿ ಹೊರಹೋಗಲು ಇನ್ನೊಂದು ದಾರಿ, ಹೊರಗೆ ಬೆಳಕು ಮತ್ತು ಬೆಂಚು, ರಾತ್ರಿ ಬೀಟಿನ ಪೊಲೀಸರು ಸಹಿ ಹಾಕುವ ಪಾಯಿಂಟ್ ಪುಸ್ತಕವನ್ನು ತುರ್ತು ಘಟಕದ ಮೇಜಿನ ಮೇಲೆಯೇ ಇಡುವುದು. ಇವನ್ನೆಲ್ಲ ಆರೋಗ್ಯ ರಕ್ಷಾ ಸಮಿತಿಯ ಒಂದೇ ಸಭೆಯಲ್ಲಿ ತೀರ್ಮಾನಿಸಬಹುದು. ಸಾವಿನ ಸುದ್ದಿಯ ವಿಷಯವನ್ನೂ ಅಲ್ಲಿಯೇ ಗೊತ್ತುಪಡಿಸಿಕೊಳ್ಳಿ. ಅದನ್ನು ವೈದ್ಯರೇ, ಜೊತೆಗೊಬ್ಬರು ಇರುವಾಗ, ಕೂಡಿಸಿ, ‘ತೀರ್ಕೊಂಡ್ರು’ ಎಂಬ ಮಾತಿನಲ್ಲೇ ಹೇಳಬೇಕು. ಜೀವ ಹೋದ ಮೇಲೂ ‘ಸೀರಿಯಸ್ ಅದ, ಮುಂದ ಒಯ್ರಿ’ ಎಂದು ಸಾಗಹಾಕುವುದು ಆ ಸಿಟ್ಟನ್ನು ವಿಜಯಪುರದ ಇಲ್ಲವೆ ಸೋಲಾಪುರದ ಸಹೋದ್ಯೋಗಿಯ ತಲೆಗೆ ಕಟ್ಟಿದಂತೆ. ಹಾವು ಕಡಿತ, ಅಪಘಾತ, ವಿಷ ಸೇವನೆಯ ಸಾವುಗಳಲ್ಲಿ ಪಂಚನಾಮೆ, ಮರಣೋತ್ತರ ಪರೀಕ್ಷೆ ಪೊಲೀಸರ ಕಾನೂನು ಪ್ರಕ್ರಿಯೆಯೆಂದೂ ಆಸ್ಪತ್ರೆ ತಡೆದಿಟ್ಟಿಲ್ಲವೆಂದೂ ಆಗಲೇ ಹೇಳಬೇಕು, ಏಕೆಂದರೆ ಹೊತ್ತು ಮುಳುಗುವ ಮೊದಲು ಶವ ಊರಿಗೆ ಒಯ್ಯಬೇಕೆಂಬ ಅವಸರದಲ್ಲಿ ಎರಡನೆಯ ಸಲ ಗಲಾಟೆಯಾಗುವುದು ಇದೇ ಹಂತದಲ್ಲಿ.

ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ನೀವು ಬರೆದಿಲ್ಲ. ಹಲ್ಲೆಯ ನಂತರ ವಾರಗಟ್ಟಲೆ ಬೆಚ್ಚಿಬೀಳುವುದು, ಗಾಡಿ ಬಂದು ನಿಂತ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಸಾಮಾನ್ಯ. ಒಂದು ತಿಂಗಳು ಮೀರಿಯೂ ಅದು ಮುಂದುವರಿದಿದ್ದರೆ ಮನೋವೈದ್ಯರನ್ನು ಕಾಣಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ಮುಂದಿನ ಕೆಲವು ವಾರ ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕಬಾರದೆಂದು ನಿಮ್ಮ ವರದಿಯ ಕೊನೆಯಲ್ಲಿ ಲಿಖಿತವಾಗಿ ಕೇಳಿ, ಏಜೆನ್ಸಿಗೂ ಅದರ ಪ್ರತಿ ಕಳಿಸಿ. ಸಂಬಳ ಕೊಡುವವರು ಅವರಾದರೂ ನೀವು ನಿಂತು ಕೆಲಸ ಮಾಡುವ ಜಾಗ ಆಸ್ಪತ್ರೆಯದು. ಉತ್ತರವನ್ನು ಇಬ್ಬರಿಂದಲೂ ಬರಹದಲ್ಲಿಯೇ ಕೇಳಿ ಪಡೆಯಿರಿ.